ಒಂದೇ ಬ್ಲಾಕಿನ ಎರಡು ವಿಷಯ

ಶಾಲೆಗೆ ಟೈಮ್‌ಟೇಬಲ್ ಹಾಕುವುದೇ ನನ್ನ ಕೆಲಸವಾಗಿತ್ತು ಎಂದರೆ ನಮ್ಮವರು ನಗುತ್ತಾರೆ. ಮೈಸೂರಿನಲ್ಲಿ ನಾನು ಓದಿದ ಶಾಲೆಯಲ್ಲಿ ಹೆಡ್‌ಮಾಸ್ಟರು ಜೂನ್ ತಿಂಗಳ ಒಂದು ಮಧ್ಯಾಹ್ನ ಕೂತು ಅದನ್ನು ಬರೆದು ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದರು. ಪಶ್ಚಿಮ ಲಂಡನ್ನಿನಲ್ಲಿ, ಸೌತ್‌ಹಾಲಿಗೂ ಅಕ್ಸ್‌ಬ್ರಿಡ್ಜಿಗೂ ನಡುವೆ ಇದ್ದ ನನ್ನ ಸರ್ಕಾರಿ ಶಾಲೆಯಲ್ಲಿ ಅದು ಜನವರಿಯಲ್ಲಿ ಶುರುವಾಗಿ ಜುಲೈವರೆಗೆ ಎಳೆಯುತ್ತಿತ್ತು. ಗಣಿತ ಪಾಠ ಮಾಡುವುದರ ಜೊತೆಗೆ ಆ ಕೆಲಸವನ್ನು ತೊಂಬತ್ತರ ದಶಕದ ಆರಂಭದಿಂದ ನಿವೃತ್ತಿಯವರೆಗೆ ಮಾಡಿದೆ. ಹುದ್ದೆಯ ಹೆಸರು ಎರಡು ಮೂರು ಸಲ ಬದಲಾಯಿತು, ಕೆಲಸ ಬದಲಾಗಲಿಲ್ಲ.

ಈಚೆಗೆ ನಮ್ಮ ಕಡೆಯಿಂದ ಬಂದು ಇಲ್ಲಿನ ಶಾಲೆಗಳಿಗೆ ಸೇರಿರುವ ಇಬ್ಬರು ಯುವ ಶಿಕ್ಷಕಿಯರು, ಆ ಕೆಲಸ ನಿಜಕ್ಕೂ ಹೇಗಿತ್ತು ಎಂದು ಕೇಳಿದರು. ಅವರಿಗಾಗಿ ಬರೆಯುತ್ತಿದ್ದೇನೆ. ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ನಾನು ದಿನಚರಿ ಬರೆಯುವವಳು. ಹಳೆಯದನ್ನು ತೆಗೆದು ನೋಡಿದಾಗಲೆಲ್ಲ ನನ್ನ ನೆನಪಿನಲ್ಲಿರುವುದು ಅಲ್ಲಿಲ್ಲ, ಅಲ್ಲಿರುವುದು ನೆನಪಿನಲ್ಲಿಲ್ಲ. ಅನುಮಾನ ಬಂದ ಕಡೆ ಅನುಮಾನವನ್ನೇ ಬರೆಯುತ್ತೇನೆ.

ಮೊದಲು ಬ್ಲಾಕ್ ಎಂದರೇನು ಎಂದು ತಿಳಿಯಬೇಕು. ಇಲ್ಲಿ ಹದಿನಾರು ತುಂಬಿದ ಮಕ್ಕಳು ಎರಡು ವರ್ಷ ಎ ಲೆವೆಲ್ ಓದುತ್ತಾರೆ. ಆಗೆಲ್ಲ ಹೆಚ್ಚಿನವರು ಓದುತ್ತಿದ್ದದ್ದು ಮೂರೇ ವಿಷಯ. ಆ ವಿಷಯಗಳನ್ನು ನೋಡಿಯೇ ವಿಶ್ವವಿದ್ಯಾಲಯದವರು ಸೀಟು ಕೊಡುವುದು. ನಮ್ಮ ಪಿಯುಸಿಯಂತೆ ಇಲ್ಲಿ ಕಾಂಬಿನೇಷನ್ ಕಟ್ಟಿಟ್ಟಿರುವುದಿಲ್ಲ. ಯಾವುದನ್ನು ಬೇಕಾದರೂ ಆರಿಸಬಹುದು ಎಂದು ಶಾಲೆಯ ಪುಸ್ತಿಕೆ ಹೇಳುತ್ತದೆ. ಅದು ಪೂರ್ತಿ ನಿಜವಲ್ಲ. ಶಿಕ್ಷಕರು ಇಷ್ಟೇ, ಕೋಣೆಗಳು ಇಷ್ಟೇ, ವಾರದ ಪೀರಿಯಡ್ಡುಗಳು ಇಷ್ಟೇ. ಆದ್ದರಿಂದ ಎಲ್ಲ ವಿಷಯಗಳನ್ನೂ ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿನ ಪಾಠಗಳನ್ನೆಲ್ಲ ಒಂದೇ ಹೊತ್ತಿಗೆ ಇಡುತ್ತೇವೆ. ಆ ಗುಂಪೇ ಬ್ಲಾಕ್. ಒಂದು ಬ್ಲಾಕಿನಿಂದ ಒಂದೇ ವಿಷಯ. ಹಿಸ್ಟರಿಯೂ ಫಿಸಿಕ್ಸೂ ಒಂದೇ ಬ್ಲಾಕಿಗೆ ಬಿದ್ದರೆ ಅವೆರಡನ್ನೂ ಬಯಸಿದ ಮಗು ಒಂದನ್ನು ಬಿಡಬೇಕು. ವಸಂತದಲ್ಲಿ ಮಕ್ಕಳ ಆಯ್ಕೆ ಕೇಳಿ, ಆದಷ್ಟು ಕಡಿಮೆ ಮಕ್ಕಳಿಗೆ ನೋವಾಗುವಂತೆ ಬ್ಲಾಕ್ ಕಟ್ಟುವುದು ನಮ್ಮ ಕಸುಬು. ಯಾರಿಗೂ ನೋವಾಗದಂತೆ ಕಟ್ಟಿದವರನ್ನು ನಾನು ಕಂಡಿಲ್ಲ.

ನನಗೆ ಇದನ್ನು ಕಲಿಸಿದವರು ಉಪಮುಖ್ಯಸ್ಥ ಕಾಲಿನ್. ಶಾಲೆಯಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನ್ನ ಬಾಯಲ್ಲಿ ಮಾತ್ರ ಬಹಳ ಕಾಲ ಅದು ಬರಲಿಲ್ಲ, ‘ಎಕ್ಸ್‌ಕ್ಯೂಸ್ ಮಿ’ ಎಂದೇ ಕರೆಯುತ್ತಿದ್ದೆ. ಕಿಟಕಿಯಿಲ್ಲದ ಒಂದು ಕೋಣೆಯ ಗೋಡೆ ತುಂಬ ಅವರ ಬೋರ್ಡು. ಒಬ್ಬೊಬ್ಬ ಶಿಕ್ಷಕರಿಗೆ ಒಂದೊಂದು ಬಣ್ಣದ ಪ್ಲಾಸ್ಟಿಕ್ ಬಿಲ್ಲೆ. ಒಂದನ್ನು ಕಿತ್ತು ಬೇರೆಡೆ ಇಟ್ಟರೆ ಇನ್ನೈದು ಕೀಳಬೇಕು. ಕಾಲಿನ್ ಕಿತ್ತ ಬಿಲ್ಲೆಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿಬಿಡುತ್ತಿದ್ದರು. ಬೆಳಿಗ್ಗೆ ಫ್ರೆಂಚ್ ಟೀಚರೇ ಕಾಣೆ.

ನನ್ನ ಮೊದಲ ದೊಡ್ಡ ಎಡವಟ್ಟು ಪಕ್ಕದ ಶಾಲೆಯ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಆಯಿತು. ಎರಡೂ ಶಾಲೆಗಳಲ್ಲಿ ಮ್ಯೂಸಿಕ್, ಜರ್ಮನ್‌ನಂಥ ವಿಷಯಗಳಿಗೆ ಮಕ್ಕಳು ಸಾಲುತ್ತಿರಲಿಲ್ಲ. ಹಂಚಿಕೊಳ್ಳೋಣ ಎಂದಾಯಿತು, ಜರ್ಮನ್ ಅವರಲ್ಲಿ, ಮ್ಯೂಸಿಕ್ ನಮ್ಮಲ್ಲಿ. ಬ್ಲಾಕುಗಳನ್ನು ಎಷ್ಟು ಚೆನ್ನಾಗಿ ಹೊಂದಿಸಿದೆನೆಂದರೆ ಒಂದು ಮಗುವೂ ಹೊರಗುಳಿಯಲಿಲ್ಲ. ಸೆಪ್ಟೆಂಬರಿನ ಮೊದಲ ಸೋಮವಾರ ಜರ್ಮನ್ ಕ್ಲಾಸು ಖಾಲಿ. ಎರಡು ಶಾಲೆಗಳ ನಡುವೆ ಅಕ್ಸ್‌ಬ್ರಿಡ್ಜ್ ರೋಡ್ ಇದೆ, ಅದರಲ್ಲಿ ಬಸ್ಸು ಹೋಗಬೇಕು ಎಂಬುದನ್ನೇ ನಾನು ಮರೆತಿದ್ದೆ. ಮಕ್ಕಳು ಬಂದಿಳಿಯುವಷ್ಟರಲ್ಲಿ ಪಾಠ ಮುಕ್ಕಾಲು ಮುಗಿದಿತ್ತು.

“ಸುಧಾ, ಮನುಷ್ಯರನ್ನು ಕ್ಷಣಮಾತ್ರದಲ್ಲಿ ಗಾಳಿಯಲ್ಲಿ ಸಾಗಿಸುವುದನ್ನು ಕಂಡುಹಿಡಿದಿದ್ದೀಯ,” ಎಂದರು ಕಾಲಿನ್. “ಇಷ್ಟು ದೊಡ್ಡ ವಿಷಯವನ್ನು ಸ್ಟಾಫ್ ಮೀಟಿಂಗಿನಲ್ಲಿ ಹೇಳಬೇಕಿತ್ತು.”

ಈ ಮಾತನ್ನು ಎಷ್ಟೋ ಸಲ ಬೇರೆಯವರಿಗೆ ಹೇಳಿ ನಗಿಸಿದ್ದೇನೆ. ದಿನಚರಿಯಲ್ಲಿ ಇರುವುದು ‘ಬಸ್ಸು. ನಾಚಿಕೆ’ ಎಂಬ ಎರಡೇ ಪದ. ಕಾಲಿನ್ ನಿಜಕ್ಕೂ ಹಾಗೆಂದರೋ, ಅವರು ಅನ್ನಬಹುದಾಗಿದ್ದದ್ದನ್ನು ನಾನೇ ಅವರ ಬಾಯಲ್ಲಿ ಇಟ್ಟೆನೋ ತಿಳಿಯದು.

ಇನ್ನೊಂದು ಪ್ರಸಂಗ ನಗುವಂಥದ್ದಲ್ಲ. ಡ್ಯಾರೆನ್ ಎಂಬ ನನ್ನ ಗಣಿತದ ಹುಡುಗ ಬಹಳ ಹೆಸರಿದ್ದ ಒಂದು ವಿಶ್ವವಿದ್ಯಾಲಯಕ್ಕೆ ಗಣಿತ ಓದಲು ಅರ್ಜಿ ಹಾಕಿ ಸಂದರ್ಶನಕ್ಕೆ ಹೋದ. ಎ ಲೆವೆಲ್ಲಿನಲ್ಲಿ ಗಣಿತವಲ್ಲದೆ ಫರ್ದರ್ ಮ್ಯಾಥ್ಸ್ ಎಂಬ ಇನ್ನೊಂದು, ಹೆಚ್ಚಿನ ಮಟ್ಟದ ವಿಷಯವಿದೆ. ಅಂಥ ಕಡೆಗಳಲ್ಲಿ ಅದನ್ನೂ ಓದಿರುತ್ತಾರೆಂದೇ ಎಣಿಸುತ್ತಾರೆ. ಅದನ್ನು ಯಾಕೆ ಓದಲಿಲ್ಲ ಎಂದು ಅವನನ್ನು ಕೇಳಿದರಂತೆ.

“ಅದು ಕೆಮಿಸ್ಟ್ರಿಯ ಎದುರಿಗಿತ್ತು ಸರ್,” ಎಂದನಂತೆ ಡ್ಯಾರೆನ್. ನಮ್ಮ ಶಾಲೆಯಲ್ಲಿ ಒಂದೇ ಬ್ಲಾಕಿನ ವಿಷಯಗಳನ್ನು ಎದುರು ಬದುರು ಎನ್ನುತ್ತಿದ್ದೆವು. ಅವನನ್ನು ಕೇಳಿದವರಿಗೆ ಆ ಮಾತು ಅರ್ಥವಾಗಲಿಲ್ಲ. ಫೀಸು ಕೊಟ್ಟು ಓದುವ ಶಾಲೆಗಳಲ್ಲಿ ನಾಲ್ಕು ಮಕ್ಕಳಿಗೂ ಒಂದು ಕ್ಲಾಸು ನಡೆಯುತ್ತದೆ. ಟೈಮ್‌ಟೇಬಲ್ಲೇ ಮಗುವಿಗೆ ಹೊಂದಿಕೊಳ್ಳುತ್ತದೆ. ಅವರು ಮತ್ತೊಮ್ಮೆ ಕೇಳಿದಾಗ ಡ್ಯಾರೆನ್ ಸಂಕೋಚದಿಂದ, ಆಸಕ್ತಿ ಇರಲಿಲ್ಲ ಎಂದುಬಿಟ್ಟ. ಸೀಟು ಸಿಗಲಿಲ್ಲ. ಅದೇ ಕಾರಣಕ್ಕೆ ಸಿಗಲಿಲ್ಲ ಎಂದು ನಾನು ಹಲವು ವರ್ಷ ಹೇಳಿಕೊಂಡು ಬಂದೆ. ಈಗ ಅಷ್ಟು ಗಟ್ಟಿಯಾಗಿ ಹೇಳಲಾರೆ. ಗಣಿತದಲ್ಲೇ ಬರುವ ಮೆಕ್ಯಾನಿಕ್ಸ್ ಭಾಗವೂ ಅವನಿಗೆ ಅಷ್ಟಕ್ಕಷ್ಟೆ. ಆದರೆ ಅಂದಿನಿಂದ ಮಕ್ಕಳಿಗೆ ಬರೆದುಕೊಡುವ ಶಿಫಾರಸಿನಲ್ಲಿ ಒಂದು ವಾಕ್ಯ ಸೇರಿಸತೊಡಗಿದೆ: ಈ ವಿಷಯವನ್ನು ಈ ವಿದ್ಯಾರ್ಥಿಗೆ ಕಲಿಸಲು ನಮ್ಮ ಶಾಲೆಗೆ ಸಾಧ್ಯವಾಗಲಿಲ್ಲ. ಹೊಸಬರು ಇದೊಂದನ್ನಾದರೂ ಕಲಿಯಿರಿ. ಬ್ಲಾಕು ಮಗುವಿನ ಅಂಕಪಟ್ಟಿಯಲ್ಲಿ ಕಾಣಿಸುವುದಿಲ್ಲ. ನೀವು ಹೇಳದಿದ್ದರೆ ಅದು ಮಗುವಿನ ಸೋಮಾರಿತನದಂತೆ ಕಾಣುತ್ತದೆ.

ಇದಾದ ಮೇಲೆ ಕೆಮಿಸ್ಟ್ರಿಯನ್ನೂ ಫರ್ದರ್ ಮ್ಯಾಥ್ಸನ್ನೂ ಬೇರೆ ಮಾಡುವುದು ನನಗೊಂದು ಹಟವಾಯಿತು. ಬೇರೆ ಮಾಡಿದರೆ ಬಯಾಲಜಿ ಕೆಡುತ್ತಿತ್ತು, ಬಯಾಲಜಿ ಸರಿಪಡಿಸಿದರೆ ಆರ್ಟ್. ಆಗಲೇ, ಎ ಲೆವೆಲ್ಲಿಗೆ ವಿಷಯ ಆರಿಸುವ ಸಾಲಿಗೆ, ನಮ್ಮ ಶಾಲೆಯ ಮೇಧಾ ಬಂದಳು.

ಅವಳ ತಂದೆ ಡಾಕ್ಟರ್ ದೇಶಪಾಂಡೆ ಧಾರವಾಡದವರು. ಹತ್ತಿರದ ಒಂದು ಆಸ್ಪತ್ರೆಯಲ್ಲಿ ಕೆಲಸ. ಕಾಯಂ ಕೆಲಸ ಸಿಗುವವರೆಗೆ ಊರಿಂದೂರಿಗೆ ಅಲೆದವರು. ಮೇಧಾ ಸಣ್ಣವಳಿದ್ದಾಗ ಓದಿದ ಶಾಲೆಗಳ ಹೆಸರು ಅವಳಿಗೇ ಸರಿಯಾಗಿ ನೆನಪಿರಲಿಲ್ಲ. ನನಗೆ ಅವರ ಪರಿಚಯ ಶಾಲೆಯಿಂದಲ್ಲ, ಕಿಂಗ್ಸ್‌ಬರಿಯಲ್ಲಿ ಹಾಲ್ ಬಾಡಿಗೆಗೆ ಹಿಡಿದು ನಾವು ಕನ್ನಡದವರು ಮಾಡುತ್ತಿದ್ದ ಹಬ್ಬಗಳಿಂದ. ಅವರ ಕಡೆ ಶಾಲೆಯ ಟೀಚರನ್ನು ಕರೆಯುವಂತೆ ನನ್ನನ್ನು ಅವರು ‘ಅಕ್ಕೋರ’ ಎನ್ನುತ್ತಿದ್ದರು. ಆ ವರ್ಷದ ಯುಗಾದಿಗೆ ಊಟದ ಸಾಲಿನಲ್ಲಿ ನನ್ನ ಹಿಂದೆ ಬಂದು ನಿಂತರು.

“ಅಕ್ಕೋರ, ನಿಮ್ಮ ಸಾಲ್ಯಾಗ ಇದೇನ್ರಿ ವಿಚಿತ್ರ? ಮೇಧಾಗ ಕೆಮಿಸ್ಟ್ರಿ ತಗೊಳ್ಳಾಕ ಬರೂದಿಲ್ಲಂತ?”

“ಅವಳು ಫರ್ದರ್ ಮ್ಯಾಥ್ಸ್ ಬರೆದಿದ್ದಾಳೆ ಡಾಕ್ಟರೇ. ಎರಡೂ ಒಂದೇ ಬ್ಲಾಕು.”

“ಹಂಗಂತ ಹೇಳಿದ್ಲು. ಅಕಿಗೆ ಗಣಿತಾ ಬಿಡು ಅನ್ನಾಕ ನನಗ ಮನಸಿಲ್ಲ. ಆದ್ರ ಕೆಮಿಸ್ಟ್ರಿ ಇಲ್ಲದ ಮೆಡಿಕಲ್ ಹೆಂಗ್ರಿ? ಗಣಿತ ಬೇಕಾದ್ರ ಎರಡಲ್ಲ ನಾಲ್ಕು ಓದಲಿ, ನನ್ನ ತಕರಾರಿಲ್ಲ. ಕೆಮಿಸ್ಟ್ರಿ ಒಂದು ಕೂಡ್ಸಿಕೊಡ್ರಿ. ನಿಮ್ಮ ಕೈಯಾಗ ಅದ.” ಆಮೇಲೆ ದನಿ ತಗ್ಗಿಸಿ, “ಈ ದೇಶದಾಗ ನಾ ಎಷ್ಟು ಬಾಗಲಾ ಬಡದೀನಿ ನಿಮಗ ಗೊತ್ತಿಲ್ಲ. ಇಲ್ಲೇ ಓದಿ ಡಾಕ್ಟರ್ ಆದ್ರ ಅಕಿಗೆ ಯಾರೂ ಹಂಗ ನಿಲ್ಸೂದಿಲ್ಲ,” ಎಂದರು.

ನಾನು ಮೇಧಾಳನ್ನು ಕೇಳಲಿಲ್ಲ. ಕೇಳುವ ಅಗತ್ಯ ಕಾಣಲಿಲ್ಲ. ಎರಡೂ ಓದುವ ಅವಕಾಶ ಯಾರಿಗೆ ಬೇಡ? ಜೊತೆಗೆ ಇನ್ನೊಬ್ಬಳಿದ್ದಳು, ಸೌತ್‌ಹಾಲಿನ ಜಸ್ವಿಂದರ್. ಕೆಮಿಕಲ್ ಎಂಜಿನಿಯರಿಂಗ್ ಓದಬೇಕೆಂದಿದ್ದ ಅವಳಿಗೆ ಈ ಎರಡು ವಿಷಯಗಳೂ ನಿಜಕ್ಕೂ ಬೇಕಿದ್ದವು. ಮೇ ತಿಂಗಳಲ್ಲಿ ದಾರಿ ಸಿಕ್ಕಿತು. ಫರ್ದರ್ ಮ್ಯಾಥ್ಸನ್ನು ಬ್ಲಾಕಿನಿಂದಲೇ ಹೊರತೆಗೆದು, ಅರ್ಧವನ್ನು ಶಾಲೆ ಶುರುವಾಗುವ ಮುಂಚೆಯೂ ಇನ್ನರ್ಧವನ್ನು ಊಟದ ಬಿಡುವಿನಲ್ಲೂ ಇಟ್ಟೆ. ಪಾಠ ಮಾಡುವವಳು ನಾನೇ ಆದ್ದರಿಂದ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಆ ಹೊತ್ತಿಗೆ ಬೋರ್ಡು ಹೋಗಿ ಕಂಪ್ಯೂಟರ್ ಬಂದಿತ್ತು. ಪರದೆಯ ಮೇಲೆ ‘ಹೊಂದಿಕೆಯಾಗದವರು: ಯಾರೂ ಇಲ್ಲ’ ಎಂಬ ಅರ್ಥದ ಒಂದು ಸಾಲು ಮೂಡಿತು. ಕಾಲಿನ್ ಅವರನ್ನು ಕರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, “ಯಂತ್ರ ಕೆಟ್ಟಿರಬೇಕು,” ಎಂದರು. ಇದು ದಿನಚರಿಯಲ್ಲೂ ಇದೆ.

ದೇಶಪಾಂಡೆಯವರಿಗೆ ಫೋನ್ ಮಾಡಿ ಹೇಳಿದೆ. ಅವರ ಹೆಂಡತಿ ವತ್ಸಲಾ ಫೋನ್ ಕಸಿದುಕೊಂಡು, “ನಿಮ್ಮ ಹೊಟ್ಟಿ ತಣ್ಣಗಿರಲಿ ಅಕ್ಕೋರ,” ಎಂದರು.

ಕೆಲವು ದಿನಗಳ ಮೇಲೆ ಮೇಧಾ, ನಮ್ಮ ಎಸ್ಸೆಸ್ಸೆಲ್ಸಿಯಂತೆ ಇಲ್ಲಿ ಹದಿನಾರಕ್ಕೆ ಬರೆಯುವ ಪರೀಕ್ಷೆಗಳಲ್ಲಿ ಒಂದನ್ನು ಮುಗಿಸಿ ನೇರ ನನ್ನ ಕೋಣೆಗೆ ಬಂದಳು. ನಮ್ಮ ಬಹುಪಾಲು ಮಕ್ಕಳಂತೆ ಅವಳಿಗೂ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಅಂದು ಆಡಿದ್ದೆಲ್ಲ ಇಂಗ್ಲಿಷೇ, ಕನ್ನಡ ನನ್ನದು.

“ಮಿಸ್, ಕೆಮಿಸ್ಟ್ರಿ ಕ್ಲ್ಯಾಷ್ ಸರಿಮಾಡಿದ್ರಂತೆ.”

“ಹೌದು. ಈಗ ಎರಡೂ ತಗೋಬಹುದು ನೀನು.”

“ಮತ್ತೆ ಕೆಡಿಸ್ತೀರಾ, ಪ್ಲೀಸ್?”

ತಮಾಷೆ ಎಂದುಕೊಂಡೆ. ಅವಳು ನಗುತ್ತಿರಲಿಲ್ಲ.

“ನನಗೆ ಮೆಡಿಸಿನ್ ಬೇಡ ಮಿಸ್. ಮ್ಯಾಥ್ಸ್ ಬೇಕು. ಹೇಗೂ ಕ್ಲ್ಯಾಷ್ ಇತ್ತಲ್ಲ, ಅಪ್ಪನಿಗೆ ಅದನ್ನೇ ಹೇಳಿದ್ದೆ. ಅವರು ಹೂಂ ಅನ್ನೋದ್ರಲ್ಲಿದ್ರು.”

“ಇಷ್ಟ ಇಲ್ಲ ಅಂತ ನೇರವಾಗಿ ಹೇಳಬಹುದಿತ್ತಲ್ಲ?”

“ನಮ್ಮನೇಲಿ ‘ಇಷ್ಟ ಇಲ್ಲ’ ಅನ್ನೋದು ಉತ್ತರ ಅಲ್ಲ ಮಿಸ್. ‘ಆಗಲ್ಲ’ ಅನ್ನೋದು ಉತ್ತರ. ನೀವು ನಿಮ್ಮಪ್ಪನಿಗೆ ಇಷ್ಟ ಇಲ್ಲ ಅಂದಿದ್ರಾ?”

ನಾನು ಯೋಚಿಸಿದೆ. ಎಂ.ಎಸ್‌ಸಿ.ಗೆ ಗಣಿತ ತೆಗೆದುಕೊಂಡದ್ದು ನನ್ನಿಷ್ಟದಿಂದಲೋ, ಮನೆಗೆ ಹತ್ತಿರದ ಕಾಲೇಜಿನಲ್ಲಿ ಅದೇ ಇದ್ದದ್ದರಿಂದಲೋ, ಖಚಿತವಾಗಿ ಹೇಳುವಂತಿರಲಿಲ್ಲ.

“ನಿನ್ನೊಬ್ಬಳಿಗೋಸ್ಕರ ಮಾಡಿದ್ದಲ್ಲ ಇದು,” ಎಂದೆ. “ಮೊದಲಿನ ಹಾಗೆ ಇಟ್ಟರೆ ಜಸ್ವಿಂದರ್ ಏನು ಮಾಡಬೇಕು?”

ಮೇಧಾಗೆ ಅದು ಗೊತ್ತಿರಲಿಲ್ಲ. ಇಬ್ಬರೂ ಗೆಳತಿಯರು. ಬಾಗಿಲ ಹಿಡಿಯನ್ನು ತಿರುಗಿಸುತ್ತ ನಿಂತಳು.

“ಜಸ್‌ಗೆ ಅದು ಬೇಕೇ ಬೇಕು,” ಎಂದಳು ಕೊನೆಗೆ. “ಹಾಗಾದ್ರೆ ಕೆಡಿಸಬೇಡಿ. ನೀವೇ ಅಪ್ಪನಿಗೆ ಹೇಳ್ತೀರಾ? ಮಿಸ್ ಆಗಿ ಅಲ್ಲ, ಆಂಟಿ ಆಗಿ?”

“ಮಿಸ್ಸೂ ಹೇಳಲ್ಲ, ಆಂಟಿನೂ ಹೇಳಲ್ಲ. ನೀನೇ ಹೇಳಬೇಕು.”

ಇದನ್ನು ಆಗ ತತ್ವವೆಂದು ತಿಳಿದಿದ್ದೆ. ಈಗ ನೋಡಿದರೆ ಅದರಲ್ಲಿ ಸ್ವಲ್ಪ ಅಂಜಿಕೆಯೂ ಇದ್ದಿರಬಹುದು. ಕಿಂಗ್ಸ್‌ಬರಿಯಲ್ಲಿ ನಾವಿದ್ದದ್ದೇ ಕೆಲವು ಮನೆಗಳು. ಒಬ್ಬರ ಮನೆಯ ವಿಷಯಕ್ಕೆ ಕೈಹಾಕಿದರೆ ಮುಂದಿನ ಹಬ್ಬಕ್ಕೆ ಎಲ್ಲಿ ಕೂರುವುದು ಎಂದು ಯೋಚಿಸಬೇಕಾಗುತ್ತಿತ್ತು.

ಆಗಸ್ಟ್ ಕೊನೆಗೆ ಪರೀಕ್ಷೆಯ ಫಲಿತಾಂಶ ಬಂದ ಮಾರನೆಯ ದಿನ ಎ ಲೆವೆಲ್‌ಗೆ ಹೆಸರು ಬರೆಸುವ ದಿನ. ದೊಡ್ಡ ಹಾಲಿನಲ್ಲಿ ಸಾಲು ಮೇಜು. ಯಾವ ಮಗು ಯಾವ ವಿಷಯ ಎಂಬುದು ಅಂದು ಅಂತಿಮ. ಆಮೇಲೆ ಬದಲಿಸುವುದು ಬಲು ಕಷ್ಟ. ಮೇಧಾಗೆ ಎಲ್ಲದರಲ್ಲೂ ಒಳ್ಳೆಯ ಅಂಕ ಬಂದಿತ್ತು. ಕೆಮಿಸ್ಟ್ರಿಯಲ್ಲೂ. ಅಂಕದ ನೆಪವೂ ಉಳಿದಿರಲಿಲ್ಲ. ತಂದೆ ಮಗಳು ಇಬ್ಬರೇ ಬಂದರು. ದೇಶಪಾಂಡೆಯವರು ಟೈ ಕಟ್ಟಿದ್ದರು.

“ಎಲ್ಲಾ ಕೂಡ್ತದಲ್ರಿ ಅಕ್ಕೋರ?”

“ಕೂಡುತ್ತೆ ಡಾಕ್ಟರೇ.”

“ಮತ್ತ ಬರಕೊಳ್ರಿ. ಮ್ಯಾಥ್ಸು, ಕೆಮಿಸ್ಟ್ರಿ, ಬಯಾಲಜಿ. ಮ್ಯಾಲ ಅಕಿದು ಆ ಇನ್ನೊಂದು ಮ್ಯಾಥ್ಸು.”

ನಾನು ಪೆನ್ನು ಎತ್ತಲಿಲ್ಲ. ನಿಯಮದಂತೆ ವಿದ್ಯಾರ್ಥಿಯೇ ಹೇಳಬೇಕು. ಮೇಧಾಳತ್ತ ನೋಡಿದೆ. ಅವಳು ಮೇಜಿನ ಅಂಚನ್ನು ನೋಡುತ್ತಿದ್ದಳು. ಹಿಂದಿನವರು ಒಂದು ಹೆಜ್ಜೆ ಮುಂದೆ ಬಂದರು. ಇನ್ನು ಇವಳು ಹೇಳುವುದಿಲ್ಲ, ನಾನು ಬರೆದುಕೊಳ್ಳಬೇಕು ಎಂದುಕೊಳ್ಳುವಷ್ಟರಲ್ಲಿ ಅವಳು ತಂದೆಯ ಕಡೆ ತಿರುಗಿದಳು.

“ಅಪ್ಪಾ, ಟೈಮ್‌ಟೇಬಲ್ ಕೂಡ್ತದ. ನನಗ ಬ್ಯಾಡ.”

ಕನ್ನಡದಲ್ಲಿ ಹೇಳಿದಳು. ಇದು ನನ್ನ ಕಲ್ಪನೆಯಿರಬಹುದೇ ಎಂದು ನನಗೇ ಎಷ್ಟೋ ಸಲ ಅನಿಸಿದೆ. ಆದರೆ ಅಂದು ಸಂಜೆಯೇ ಬರೆದಿಟ್ಟಿದ್ದೇನೆ, ಧಾರವಾಡದ ಮಾತಿನಲ್ಲಿ, ಹೀಗೆಯೇ.

“ಯಾಕ ಬ್ಯಾಡ?”

“ದವಾಖಾನಿಯಿಂದ ಬ್ಲೀಪ್ ಹೊಡದ್ರ ನೀವು ಊಟ ಬಿಟ್ಟು ಓಡ್ತೀರಿ. ಒಂದ್ ದಿನಾನೂ ಬ್ಯಾಸರಾ ಮಾಡಿಕೊಂಡಿಲ್ಲ. ನಾ ಹಂಗ ಓಡೂದು ಮ್ಯಾಥ್ಸ್ ಒಂದಕ್ಕ.”

ದೇಶಪಾಂಡೆಯವರು ಬೈಯುತ್ತಾರೆ ಎಂದುಕೊಂಡೆ. ಅವರು ಟೈ ಸಡಿಲಿಸಿಕೊಂಡು, ನನ್ನ ಮುಂದಿದ್ದ ಬ್ಲಾಕುಗಳ ಹಾಳೆಯನ್ನು ಬೆರಳಿನಿಂದ ತಟ್ಟಿದರು.

“ಇನ್ನೊಮ್ಮೆ ನೋಡ್ರಿ ಅಕ್ಕೋರ. ಕೂಡೂದಿಲ್ಲೇನೋ.”

“ಇಲ್ಲ ಡಾಕ್ಟರೇ, ಕೂಡುತ್ತೆ. ನಾನೇ ಬೇರೆ ಮಾಡಿ ಇಟ್ಟಿದ್ದೀನಿ. ಬೆಳಿಗ್ಗೆ ಮುಂಚೆ ಸ್ವಲ್ಪ...”

“ನೋಡ್ರಿ ಅಂದೆ.”

ಮುಖ ನೋಡಿದೆ. ಆಗ ತಿಳಿಯಿತು.

“ಇವರವ್ವಗ ನಾ ಏನ್ ಹೇಳ್ಲಿ?” ಎಂದರು ಮೆಲ್ಲಗೆ. “ಅಕಿ ತಮ್ಮಂದಿರಿಬ್ಬರೂ ಡಾಕ್ಟರು. ಊರಿಗೆಲ್ಲಾ ಫೋನ್ ಮಾಡ್ಯಾಳ. ಮಗಳು ಒಲ್ಲೆ ಅಂದ್ಲು ಅಂದ್ರ ಮನ್ಯಾಗ ವರ್ಷಗಟ್ಲೆ ಅದೇ ಮಾತಾಗ್ತದ. ಟೈಮ್‌ಟೇಬಲ್ ಕೂಡಲಿಲ್ಲ ಅಂದ್ರ ಎರಡು ದಿನ.”

ನಾನು ಹಾಳೆಯನ್ನು ಹತ್ತಿರ ಎಳೆದುಕೊಂಡೆ. ಆ ವಸಂತವೆಲ್ಲ ಕೂತು ಬಿಡಿಸಿದ ಬ್ಲಾಕುಗಳು. ಅದರ ಮೇಲೆ ಬೆರಳಾಡಿಸಿದಂತೆ ಮಾಡಿದೆ.

“ಹೌದು ಡಾಕ್ಟರೇ,” ಎಂದೆ. “ಕೂಡ್ತಾ ಇಲ್ಲ.”

ಮೇಧಾ ನನ್ನನ್ನೂ ಅಪ್ಪನನ್ನೂ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದಳು. ನಕ್ಕಳೋ ಅತ್ತಳೋ ಬರೆದಿಟ್ಟಿಲ್ಲ. ಮ್ಯಾಥ್ಸ್, ಫರ್ದರ್ ಮ್ಯಾಥ್ಸ್, ಫಿಸಿಕ್ಸ್ ಎಂದು ಬರೆದುಕೊಂಡೆ.

ಎರಡು ವರ್ಷ ಅವಳೂ ಜಸ್ವಿಂದರೂ ಬೆಳಗಿನ ಚಳಿಯಲ್ಲಿ ಕೋಟು ತೆಗೆಯದೆ ನನ್ನ ಮುಂದೆ ಕೂತು ಓದಿದರು. ಒಬ್ಬಳಿಗೆ ಗಣಿತದಲ್ಲಿ, ಇನ್ನೊಬ್ಬಳಿಗೆ ಎಂಜಿನಿಯರಿಂಗ್‌ನಲ್ಲಿ, ಕೇಳಿದ ಕಡೆಯೇ ಸೀಟು ಸಿಕ್ಕಿತು. ಟೈಮ್‌ಟೇಬಲ್ಲಿನಿಂದ ಸಿಕ್ಕಿತು ಎಂದು ನಾನು ಹೇಳುವುದಿಲ್ಲ. ಅಡ್ಡ ಬರಲಿಲ್ಲ, ಅಷ್ಟೆ. ಈ ಕಸುಬಿನಲ್ಲಿ ಅದಕ್ಕಿಂತ ಹೆಚ್ಚಿನ ಪ್ರಶಂಸೆ ಇಲ್ಲ.

ಆದರೆ ಅದಕ್ಕೂ ಮೊದಲು ನವೆಂಬರ್ ಬಂತು. ಕಿಂಗ್ಸ್‌ಬರಿಯ ಹಾಲಿನಲ್ಲಿ ರಾಜ್ಯೋತ್ಸವ. ಭಾಷಣಗಳೆಲ್ಲ ಮುಗಿದು ಊಟಕ್ಕೆ ನಿಂತಾಗ ಬೆಂಗಳೂರಿನ ಪದ್ಮಾ ನನ್ನನ್ನು ಹಿಡಿದರು. ಅವರ ಯಜಮಾನರೂ ಡಾಕ್ಟರು. ಮಗ ಆ ವರ್ಷ ಹತ್ತನೆಯ ತರಗತಿಯಲ್ಲಿದ್ದ, ನಮ್ಮಲ್ಲಿಗೇ ಎ ಲೆವೆಲ್‌ಗೆ ಕಳಿಸುವ ಮಾತಿತ್ತು.

“ಅದೆಂಥ ಟೈಮ್‌ಟೇಬಲ್ ರೀ ಸುಧಾ ನಿಮ್ದು? ಪಾಪ, ಆ ಮೇಧಾ ಡಾಕ್ಟರ್ ಆಗೋದನ್ನೇ ತಪ್ಪಿಸ್ಬಿಟ್ರಲ್ಲ! ವತ್ಸಲಾ ಎಷ್ಟು ನೊಂದ್ಕೊಂಡಿದಾರೆ ಗೊತ್ತಾ? ಒಂದು ಕೆಮಿಸ್ಟ್ರಿ ಹೊಂದಿಸೋಕೆ ಆಗ್ಲಿಲ್ವಾ ನಿಮ್ಗೆ?”

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಮೇಜಿನ ಆಚೆ, ಕೋಟಿನ ಮೇಲೆ ಏಪ್ರನ್ ಕಟ್ಟಿಕೊಂಡು ಬಿಸಿಬೇಳೆಬಾತ್ ಬಡಿಸುತ್ತಿದ್ದವರು ಡಾಕ್ಟರ್ ದೇಶಪಾಂಡೆ. ಅವರು ತಲೆ ಎತ್ತಲಿಲ್ಲ.

“ಆಗಲಿಲ್ಲ,” ಎಂದೆ. “ಕೂಡಲಿಲ್ಲ.”

“ಅವರರ ಏನ್ ಮಾಡ್ತಾರ್ರಿ ಪದ್ಮಾವ್ರ,” ಎಂದರು ದೇಶಪಾಂಡೆ, ನನ್ನ ತಟ್ಟೆಗೆ ಒಂದು ಸೌಟು ಹಾಕಿ. “ಭಾಳ ಪ್ರಯತ್ನ ಮಾಡಿದ್ರು ಪಾಪ.” ಬೇಡ ಎನ್ನುವಷ್ಟರಲ್ಲಿ ಇನ್ನೊಂದು ಸೌಟು ಹಾಕಿ, ಅದರ ಮೇಲೆ ತುಪ್ಪವನ್ನೂ ಸುರಿದರು.

ಪದ್ಮಾ ತಮ್ಮ ಮಗನನ್ನು ಬೇರೆ ಶಾಲೆಗೆ ಸೇರಿಸಿದರು.